ಮುಕ್ಕಾಲನ ಬಲಗಿವಿ

"ಕೈ ತೊಳ್ಕೊಂಡ್ಯಾ?"

ನಮ್ಮ ಮನೆಯಲ್ಲಿ ಬೆಳಗ್ಗೆ ಎದ್ದವರ ಕಿವಿಗೆ ಮೊದಲು ಬೀಳುತ್ತಿದ್ದ ಮಾತು ಇದು. ಕಾಫಿ ಕುಡಿದೆಯಾ, ನಿದ್ದೆ ಬಂತಾ ಎಂದೆಲ್ಲ ವಿಚಾರಿಸುವ ಪದ್ಧತಿಯೇ ನಮ್ಮಲ್ಲಿ ಇರಲಿಲ್ಲ. ಇದೇನು ಮಡಿ ಮೈಲಿಗೆಯ ವಿಷಯವಲ್ಲ. ಭಾನುವಾರ ಬಂದರೆ ಹಿತ್ತಲಲ್ಲಿ ಕೋಳಿ ಕುಯ್ಯುವ ಒಕ್ಕಲು ಮನೆ ನಮ್ಮದು. ಕೈ ತೊಳೆಯುತ್ತಿದ್ದದ್ದು ರೇಷ್ಮೆ ಹುಳುಗಳಿಗಾಗಿ. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆ ಬಿಟ್ಟು ಒಂದು ಮಣ್ಣುದಾರಿ ಹಿಡಿದರೆ ನಮ್ಮೂರು. ಊರ ಸುತ್ತ ಹಿಪ್ಪುನೇರಳೆ ತೋಟ, ಊರೊಳಗೆ ಯಾರ ಮನೆಗೆ ಕಾಲಿಟ್ಟರೂ ಹುಳ. ಹುಳುವಿಗೆಂದೇ ಬೇರೆ ಕಟ್ಟಡ ಕಟ್ಟುವ ಅನುಕೂಲ ಆಗ ಯಾರಿಗಿತ್ತು? ಮನೆಯ ಒಳ್ಳೆಯ ಭಾಗವೆಲ್ಲ ಹುಳುವಿಗೆ, ಉಳಿದದ್ದು ನಮಗೆ. ನಡುಮನೆಯ ತುಂಬ ಸ್ಟ್ಯಾಂಡು, ಸ್ಟ್ಯಾಂಡಿನ ಮೇಲೆ ಬಿದಿರಿನ ತಟ್ಟೆಗಳು, ಒಂದೊಂದು ಕಾಲಿನ ಕೆಳಗೂ ಇರುವೆ ಹತ್ತದ ಹಾಗೆ ನೀರಿನ ಬಟ್ಟಲು. ನಾವು ಮಲಗುತ್ತಿದ್ದದ್ದು ಪಡಸಾಲೆಯಲ್ಲಿ, ಹಸುವಿನ ಪಕ್ಕ. ಮನೆಯೊಳಗೆ ಒಗ್ಗರಣೆ ಹಾಕುವಂತಿಲ್ಲ, ಅದಕ್ಕೆ ಹಿತ್ತಲಲ್ಲಿ ಬೇರೆ ಒಲೆ. ಬೀಡಿ ಸೇದಿದವರು ಹೊಸ್ತಿಲು ದಾಟುವಂತಿಲ್ಲ. ಊದುಬತ್ತಿ ಇಲ್ಲ, ಮುಖಕ್ಕೆ ಪೌಡರ್ ಇಲ್ಲ. ಒಮ್ಮೆ ನಮ್ಮ ಸೋದರಮಾವ ಸೆಂಟು ಹಾಕಿಕೊಂಡು ಬಂದಿದ್ದಕ್ಕೆ ಅಜ್ಜಿ ಅವನನ್ನು ಜಗಲಿಯ ಮೇಲೇ ಕೂರಿಸಿ, ಅಲ್ಲೇ ಮುದ್ದೆ ಬಡಿಸಿ, ಅಲ್ಲಿಂದಲೇ ಬಸ್ಸಿಗೆ ಕಳಿಸಿದ್ದಳು.

ಅಜ್ಜಿ ಎಂದರೆ ಅಪ್ಪನ ತಾಯಿ. ಚಿಂತಾಮಣಿ ಆಚೆಯ ಊರಿನವಳು. ಕೋಪ ಬಂದರೆ ತೆಲುಗು, ಪ್ರೀತಿ ಬಂದರೂ ತೆಲುಗು, ಮಿಕ್ಕ ಹೊತ್ತಿಗೆ ಕನ್ನಡ. ಹುಳು ಮನೆಗೆ ಬಂದ ದಿನದಿಂದ ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಹೊರಡುವ ತನಕ ಅವಳು ಒಂದು ಕೋಲು ಹಿಡಿದು ಜಗಲಿಯ ಮೇಲೆ ಕೂತಿರುತ್ತಿದ್ದಳು. ಅವಳ ಪರೀಕ್ಷೆಯಲ್ಲಿ ಪಾಸಾಗದೆ ಯಾರೂ ಒಳಗೆ ಹೋದದ್ದಿಲ್ಲ. ಇಂಥ ಮನೆಗೆ ಒಂದು ದಿನ ಅಪ್ಪ ನಾಯಿ ತಂದ. ಅದೂ ಮೂರು ಕಾಲಿನದು.

ಗೂಡು ಮಾರಿ ಬಂದ ದಿನ ಅಪ್ಪ ಸಾಮಾನ್ಯವಾಗಿ ಜಿಲೇಬಿ ತರುತ್ತಿದ್ದ. ಅವತ್ತು ಸೈಕಲ್ಲಿನ ಹಿಂದೆ ಕಟ್ಟಿದ್ದ ಖಾಲಿ ಮಂಕರಿಯೊಳಗಿಂದ ಒಂದು ಕಪ್ಪು ಮೂತಿ ಎದ್ದಿತು. ನಮ್ಮ ಗೂಡು ಕೊಳ್ಳುತ್ತಿದ್ದ ಬಷೀರ್ ಸಾಬರ ರೇಷ್ಮೆ ಬಿಚ್ಚುವ ಕಾರ್ಖಾನೆಯ ಬಾಗಿಲಲ್ಲಿ ಬಿದ್ದಿರುತ್ತಿದ್ದ ಮರಿ ಅದು; ನೂಲು ತೆಗೆದ ಮೇಲೆ ಉಳಿಯುವ ಬೆಂದ ಹುಳು ತಿಂದುಕೊಂಡು ಬೆಳೆದದ್ದು. ಜಟಕಾ ಗಾಡಿಯ ಚಕ್ರ ಹತ್ತಿ ಹಿಂದಿನ ಬಲಗಾಲು ನಜ್ಜುಗುಜ್ಜಾಗಿ, ಕೊಳೆತು, ಕೊನೆಗೆ ತೊಡೆಯ ಹತ್ತಿರ ಒಂದು ಗೇಣು ಮೋಟು ಮಾತ್ರ ಉಳಿದಿತ್ತು. ಬಷೀರ್ ಸಾಬರು ಅದಕ್ಕೆ ಅರಿಶಿನ ಎಣ್ಣೆ ಹಚ್ಚಿ ಬದುಕಿಸಿದ್ದರಂತೆ.

"ನಾರಾಯಣಪ್ಪನೋರೇ, ತಗೊಂಡೋಗ್ಬಿಡಿ ಇದನ್ನ. ಇಲ್ಲಿ ಬರೀ ಗಾಡಿ. ಇನ್ನೊಂದು ಕಾಲೂ ಹೋಗ್ಬಿಟ್ರೆ ನಾನು ಅಲ್ಲಾಹ್‌ಗೆ ಏನ್ ಹೇಳ್ಲಿ?" ಎಂದು ಅವರು ಹೇಳಿದ್ದನ್ನು ಅಪ್ಪ ಅವರ ದನಿಯಲ್ಲೇ ಹೇಳಿ ತೋರಿಸಿದ.

ಅಜ್ಜಿ ಕೋಲು ನೆಲಕ್ಕೆ ಕುಟ್ಟಿದಳು.

"ಹುಳದ ಮನೆಗೆ ನಾಯಿ ತತ್ತೀಯೇನೋ? ಅದರ ಮೈಮೇಲೆ ನೋಡೋ, ರಕ್ತ ಕುಡಿಯೋ ಉಣ್ಣೆ ಹೆಂಗೆ ತುಂಬ್ಕೊಂಡವೆ, ಹುರುಳಿಕಾಳು ಅಂಟಿಸ್ದಂಗೆ!"

"ಇಲಿ ಕಾಯ್ತದೆ ಬಿಡವ್ವ. ಬೆಕ್ಕು ಬಂದ್ರೂ ಓಡಿಸ್ತದೆ."

"ಮೂರು ಕಾಲಲ್ಲಿ ಅದು ಬೆಕ್ಕು ಓಡಿಸ್ತದೋ, ಬೆಕ್ಕೇ ಅದನ್ನ ಓಡಿಸ್ತದೋ!"

ನಾನು ಅಷ್ಟರಲ್ಲಿ ಮರಿಯನ್ನು ಮಂಕರಿಯಿಂದ ಎತ್ತಿ ಎದೆಗೆ ಅವುಚಿಕೊಂಡಾಗಿತ್ತು. ಮನೆಯಲ್ಲಿ ನಾನೊಬ್ಬಳೇ ಮಗು. ಹುಳುವಿನ ಮನೆಯಲ್ಲಿ ಮಗುವಿನೊಂದಿಗೆ ಆಡುವವರು ಯಾರು? ಅಳಲು ಶುರು ಮಾಡಿದೆ. ನಾನು ಅತ್ತರೆ ಊರಿಗೆಲ್ಲ ಕೇಳುತ್ತದೆಂದು ಅಮ್ಮ ಯಾವಾಗಲೂ ಬೈಯುತ್ತಿದ್ದಳು. ಕೊನೆಗೆ ಅಜ್ಜಿಯೇ ತೀರ್ಪು ಕೊಟ್ಟಳು.

"ಸರಿ, ಇರ್ಲಿ. ಆದ್ರೆ ಮೈಮೇಲೆ ಒಂದೇ ಒಂದು ಉಣ್ಣೆ ಕಂಡ್ತೋ, ಅವತ್ತೇ ಬೀದಿಗೆ. ಏಮೇ ಶಾರೀ, ಕೇಳಿಸ್ತಾ? ನಿನ್ನ ಜವಾಬ್ದಾರಿ."

ಹೀಗೆ ಅವನು ನಮ್ಮ ಮನೆಯವನಾದ. ಯಾರು ಇಟ್ಟರೋ ತಿಳಿಯದು, ಎಲ್ಲರ ಬಾಯಲ್ಲೂ ಮುಕ್ಕಾಲ ಎಂಬ ಹೆಸರು ನಿಂತಿತು. ಅವನ ನಡಿಗೆಯೇ ಒಂದು ತಮಾಷೆ. ನಿಧಾನವಾಗಿ ನಡೆದರೆ ಹಿಂಭಾಗ ಎಡಕ್ಕೂ ಬಲಕ್ಕೂ ತೂಗಾಡುತ್ತಿತ್ತು. ಓಡಿದರೆ ಮಾತ್ರ ಕಾಲು ಇಲ್ಲದ್ದೇ ತಿಳಿಯುತ್ತಿರಲಿಲ್ಲ. ಬೆಕ್ಕನ್ನು ನಿಜಕ್ಕೂ ಓಡಿಸಿದ, ಅಜ್ಜಿ ನೋಡನೋಡುತ್ತಿದ್ದಂತೆ. "ಪರ್ವಾಗಿಲ್ಲ ಮುಂಡೇದು" ಎಂದಳು ಅಜ್ಜಿ. ಅವಳ ಬಾಯಿಂದ ಅಷ್ಟು ಹೊಗಳಿಕೆ ನಾನಂತೂ ಯಾವತ್ತೂ ಪಡೆದಿರಲಿಲ್ಲ.

ಆದರೆ ಅವನಿಗೆ ಒಂದು ಕಷ್ಟವಿತ್ತು. ನಾಯಿ ಮೈ ಕೆರೆದುಕೊಳ್ಳುವುದು ಹಿಂಗಾಲಿನಿಂದ. ಎಡಗಿವಿ ತುರಿಸಿದರೆ ಎಡಗಾಲಲ್ಲಿ ಪರಪರ ಕೆರೆದುಕೊಳ್ಳುತ್ತಿದ್ದ. ಬಲಗಿವಿ ತುರಿಸಿದರೆ? ಆ ಕಡೆ ಕಾಲೇ ಇಲ್ಲ. ಕುತ್ತಿಗೆ ವಾಲಿಸಿ, ಕಣ್ಣು ಅರ್ಧ ಮುಚ್ಚಿ ಕೂರುತ್ತಿದ್ದ, ಆ ಮೋಟು ಗಾಳಿಯಲ್ಲಿ ಕೆರೆಯುತ್ತಿತ್ತು. ಉಣ್ಣೆಗಳಿಗೂ ಇದು ಗೊತ್ತಾಗಿತ್ತೋ ಏನೋ, ಎಲ್ಲ ಬಂದು ಬಲಗಿವಿಯ ಹಿಂದೆಯೇ ಸಂಸಾರ ಹೂಡುತ್ತಿದ್ದವು. ಅದಕ್ಕೆ ನಾನೇ ಅವನ ಹಿಂಗಾಲು ಎಂದುಕೊಂಡೆ. ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಅವನನ್ನು ಮಲಗಿಸಿಕೊಂಡು ಬಲಗಿವಿಯ ಹಿಂದೆ ಉಗುರಿನಿಂದ ಕೆರೆದರೆ, ಮೋಟುಗಾಲು ತಾನೇ ಕೆರೆಯುತ್ತಿರುವ ಹಾಗೆ ಪಟಪಟ ಆಡಿ ಬಾಗಿಲ ಹಲಗೆಗೆ ಬಡಿಯುತ್ತಿತ್ತು. ಟಪ್ ಟಪ್ ಟಪ್. ಒಳಗಿನಿಂದ ಅಜ್ಜಿ ಕೂಗುತ್ತಿದ್ದಳು, "ಯಾರೇ ಅದು ಬಾಗಿಲು ತಟ್ಟೋದು, ನೆಂಟ್ರು ಬಂದವ್ರಾ?" ಗೊತ್ತಿದ್ದೂ ಗೊತ್ತಿದ್ದೂ ಕೇಳುವುದು ಅವಳ ಹಾಸ್ಯ.

ಉಣ್ಣೆಗೆ ಮದ್ದು ಇರುವೆ ಪುಡಿ. ಅಂಗಡಿಯಲ್ಲಿ ಬಿ.ಎಚ್.ಸಿ. ಎನ್ನುತ್ತಿದ್ದರು, ಆಗ ಎಲ್ಲರ ಮನೆಯಲ್ಲೂ ಒಂದು ಡಬ್ಬಿ ಇರುತ್ತಿತ್ತು. ಬಹಳ ಕಾಲದ ಮೇಲೆ ಸರ್ಕಾರವೇ ಅದನ್ನು ನಿಲ್ಲಿಸಿತು. ಹುಲ್ಲುಮೆದೆಗೆ ಗೆದ್ದಲು ಹತ್ತದಿರಲಿ ಎಂದು ಅಪ್ಪ ತರುತ್ತಿದ್ದ. ಆದರೆ ಹುಳದ ಮನೆಯವರಿಗೆ ಆ ಪುಡಿ ಎಂದರೆ ಯಮ. ಅದರ ಗಾಳಿ ಸೋಕಿದರೂ ಹುಳು ಉಳಿಯುವುದಿಲ್ಲ. ಆದ್ದರಿಂದ ಡಬ್ಬಿ ಮನೆಯೊಳಗಲ್ಲ, ಹಿತ್ತಲಿನ ಕೊನೆಯ ಬೇವಿನ ಮರಕ್ಕೆ ನೇತು ಹಾಕಿರುತ್ತಿತ್ತು. ಅಪ್ಪ ಹುಲ್ಲುಮೆದೆಗೆ ಪುಡಿ ಹಾಕಿದ ದಿನ ತೋಟದ ಬಾವಿಯಲ್ಲೇ ಮುಳುಗಿ, ಪಂಚೆ ಬದಲಾಯಿಸಿ, ಆಮೇಲೂ ಆ ಹೊತ್ತು ಹುಳುವಿನ ಹತ್ತಿರ ಸುಳಿಯುತ್ತಿರಲಿಲ್ಲ. ಅಷ್ಟು ಎಚ್ಚರ. ಅಷ್ಟು ಎಚ್ಚರದ ಜನ ನಾವು, ಅಜ್ಜಿ ಹಚ್ಚು ಎಂದದ್ದೇ ಆ ಪುಡಿಯನ್ನು ನಾಯಿಯ ಮೈಗೆ ಬಳಿದೆವು. ಊರಲ್ಲಿ ಎಲ್ಲರೂ ನಾಯಿಗೆ, ಎಮ್ಮೆಗೆ ಅದನ್ನೇ ಹಚ್ಚುತ್ತಿದ್ದರು ಎನ್ನುವುದು ನಿಜ. ಆದರೆ ಊರಿನ ನಾಯಿಗಳು ಕೆರೆಯಲ್ಲಿ ಬಿದ್ದು ಎದ್ದು ಓಡಾಡುತ್ತಿದ್ದವು, ಯಾವಾಗಲೋ ಒಮ್ಮೆ ಹಚ್ಚಿಸಿಕೊಳ್ಳುತ್ತಿದ್ದವು. ಮುಕ್ಕಾಲನ ಹಾಗೆ ಯಾವ ನಾಯಿಯನ್ನೂ ಯಾರೂ ಪ್ರತಿ ಭಾನುವಾರ ತೊಡೆಯ ಮೇಲೆ ಹಾಕಿಕೊಂಡು, ಕೂದಲು ಬಿಡಿಸಿ ಬಿಡಿಸಿ, ಬುಡಕ್ಕೆ ಸೇರುವ ಹಾಗೆ ತಿಕ್ಕುತ್ತಿರಲಿಲ್ಲ. ಅಷ್ಟು ಪ್ರೀತಿ ಯಾವ ನಾಯಿಗಿತ್ತು?

ಇದರಲ್ಲಿ ನನ್ನ ಸ್ವಾರ್ಥವೂ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಪುಡಿ ಮುಟ್ಟಿದವಳು ಹುಳ ಮುಟ್ಟುವಂತಿಲ್ಲ. ಹಾಗಾಗಿ ಸೊಪ್ಪು ಹೆಚ್ಚುವುದು, ಹಿಕ್ಕೆ ತೆಗೆಯುವುದು, ತಟ್ಟೆ ತೊಳೆಯುವುದು, ಒಂದೂ ನನಗಿಲ್ಲ. ಓರಗೆಯ ಹುಡುಗಿಯರೆಲ್ಲ ಸೊಪ್ಪಿನ ಮೂಟೆ ಹೊತ್ತು ಬಗ್ಗಿಹೋಗುತ್ತಿದ್ದಾಗ ನಾನು ಮೆಟ್ಟಿಲ ಮೇಲೆ ನಾಯಿ ಕೆರೆಯುತ್ತ ಕೂತಿರುತ್ತಿದ್ದೆ. "ನಿನ್ನ ಮಗಳು ಮಹಾರಾಣಿ ಕಣೇ" ಎಂದು ಅಕ್ಕಪಕ್ಕದವರು ಅಮ್ಮನಿಗೆ ಹೇಳಿದರೆ ನನಗೆ ಹಿಗ್ಗೇ ಆಗುತ್ತಿತ್ತು.

ಮೊದಲ ಸಲ ಅವನಿಗೆ ಪಿಟ್ಸ್ ಬಂದದ್ದು ಬೀದಿಯಲ್ಲಿ, ಹಾಡುಹಗಲು. ನನ್ನ ಮುಂದೆ ಕುಣಿಯುತ್ತ ಬರುತ್ತಿದ್ದವನು ಸುಮ್ಮನೆ ನಿಂತ. ಮೂತಿ ಅದುರಿತು. ಕುತ್ತಿಗೆ ಹಿಂದಕ್ಕೆ ಬಿಲ್ಲಿನಂತೆ ಬಾಗಿ ಧೊಪ್ಪನೆ ಬಿದ್ದ. ಕಾಲು ಮೂರೂ ಸೆಟೆದುಕೊಂಡವು, ಮೋಟು ಕೂಡ. ಬಾಯಲ್ಲಿ ನೊರೆ, ಕಣ್ಣು ಬೆಳ್ಳಗೆ. "ಹುಚ್ಚು ನಾಯಿ! ಹುಚ್ಚು ನಾಯಿ!" ಎಂದು ಯಾರೋ ಕೂಗಿದರು. ಕಲ್ಲು ಬರತೊಡಗಿದವು. ನಾನು ಓಡಲಿಲ್ಲ, ಹತ್ತಿರ ಹೋಗುವ ಧೈರ್ಯವೂ ಇರಲಿಲ್ಲ, ನಿಂತಲ್ಲೇ ಕಿರುಚಿದೆ. ಅಪ್ಪ ಎಲ್ಲಿದ್ದನೋ, ಬಂದವನೇ ಹೆಗಲ ಮೇಲಿನ ಟವಲ್ಲನ್ನು ನಾಯಿಯ ಮೇಲೆ ಹಾಕಿ, ಅಡ್ಡ ನಿಂತ.

"ಯಾರ್ರಲಾ ಕಲ್ಲೆಸೆಯೋದು? ಹುಚ್ಚು ಹಿಡಿದಿರೋದು ನಾಯಿಗಲ್ಲ ಕಣ್ರೋ, ನಿಮಗೆ. ಮನುಷ್ಯರಿಗೆ ಬರಲ್ವಾ ಪಿಟ್ಸು?"

ಸ್ವಲ್ಪ ಹೊತ್ತಿಗೆ ಮುಕ್ಕಾಲ ಎದ್ದು ಕೂತ. ನಮ್ಮನ್ನು ಹೊಸಬರನ್ನು ನೋಡುವಂತೆ ನೋಡಿದ. ಆಮೇಲೆ ನನ್ನ ಕೈ ನೆಕ್ಕಿದ.

ಅಲ್ಲಿಂದ ಅದು ಬರುತ್ತಲೇ ಹೋಯಿತು. ಅಜ್ಜಿ ತನಗೆ ತಿಳಿದ ಚಿಕಿತ್ಸೆ ಎಲ್ಲ ಮಾಡಿದಳು. ಪಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡಬೇಕಲ್ಲ. ನಾಯಿಯನ್ನು ಮುಟ್ಟದವಳು ಇಕ್ಕಳದಲ್ಲಿ ಬೀಗದ ಕೈಗೊಂಚಲು ಹಿಡಿದು ಅವನ ಪಾದಕ್ಕೆ ಒತ್ತುತ್ತಿದ್ದಳು. ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದಳು. ದೃಷ್ಟಿ ತೆಗೆದಳು. ಸೋಮವಾರ ಸೋಮವಾರವೇ ಹೆಚ್ಚಾಗಿ ಬರುತ್ತಿತ್ತು ಎನ್ನುವುದನ್ನು ಮೊದಲು ಗಮನಿಸಿದವಳೂ ಅವಳೇ. ಹಾಗಾದರೆ ಭಾನುವಾರ ಏನು ತಿನ್ನುತ್ತಾನೆ? ಕೋಳಿ ಮೂಳೆ. "ಮೂಳೆ ಉಷ್ಣ ಕಣೇ, ತಲೆಗೇರ್ತದೆ" ಎಂದಳು. ನಾವೂ ಹೌದೆಂದೆವು. ಅವನ ಭಾನುವಾರದ ಮೂಳೆ ನಿಂತಿತು. ಹಿತ್ತಲಲ್ಲಿ ಸಾರು ಕುದಿಯುವಾಗ ಅವನು ಒಲೆಯ ಮುಂದೆ ಜೊಲ್ಲು ಸುರಿಸುತ್ತ ಕೂತಿರುತ್ತಿದ್ದ, ನಾವು ಅವನಿಗೆ ಬರೀ ಮುದ್ದೆ, ಮಜ್ಜಿಗೆ ಹಾಕುತ್ತಿದ್ದೆವು. ಅವನಿಗೆ ನಾವು ಯಾಕೆ ಶಿಕ್ಷೆ ಕೊಡುತ್ತಿದ್ದೇವೆಂದು ಹೇಗೆ ತಿಳಿಯಬೇಕು? ಭಾನುವಾರ ನಡೆಯುತ್ತಿದ್ದ ಇನ್ನೊಂದು ಕೆಲಸದ ಕಡೆ ಒಬ್ಬರ ತಲೆಯೂ ಹೋಗಲಿಲ್ಲ.

ಗೂಡು ಬಿಡಿಸಿ ಮನೆ ಖಾಲಿಯಾಗಿದ್ದ ಒಂದು ದಿನ ಅಪ್ಪ ಅವನನ್ನು ಅದೇ ಮಂಕರಿಯಲ್ಲಿ ಕೂರಿಸಿಕೊಂಡು ಪೇಟೆಯ ದನದ ಆಸ್ಪತ್ರೆಗೆ ಹೊರಟ. ಸೈಕಲ್ಲಿನ ಮುಂದಿನ ಬಾರಿನ ಮೇಲೆ ನಾನು. ಅಲ್ಲಿ ಬರೀ ಹಸು, ಎಮ್ಮೆ, ಕುರಿ. ನಾಯಿ ತಂದವರು ನಾವೇ. ಒಂದಿಬ್ಬರು ನಕ್ಕರು. ಡಾಕ್ಟರು ನಗಲಿಲ್ಲ. ಮುಕ್ಕಾಲನ ಕಣ್ಣುರೆಪ್ಪೆ ಎತ್ತಿ ನೋಡಿ, ಎದೆಗೆ ಕಿವಿನಳಿಗೆ ಇಟ್ಟು, ಅಪ್ಪನನ್ನು ಕೇಳಿದರು.

"ಏನಾದ್ರೂ ವಿಷ ಸೇರಿದೆಯೇನ್ರೀ? ಹೊಲಕ್ಕೆ ಹೊಡೆಯೋ ಔಷಧಿ, ಇಲಿ ಪಾಷಾಣ, ಅಂಥದ್ದೇನಾದ್ರೂ ಮನೇಲಿ ಇಟ್ಕೊಂಡಿದ್ದೀರಾ?"

ಅಪ್ಪನಿಗೆ ಅವಮಾನವೇ ಆಯಿತು.

"ಅಯ್ಯೋ ಸ್ವಾಮಿ, ನಮ್ದು ಹುಳದ ಮನೆ! ಒಂದು ತೊಟ್ಟು ಔಷ್ದಿ ಸೇರ್ಸಲ್ಲ ನಾವು. ಪಕ್ಕದ ಹೊಲದೋನು ಟೊಮೇಟೊಗೆ ಹೊಡೀತೀನಿ ಅಂದ್ರೂ ಕೊರಳಪಟ್ಟಿ ಹಿಡೀತೀನಿ."

ಎದೆಯುಬ್ಬಿಸಿ ಹೇಳಿದ. ಸುಳ್ಳು ಹೇಳುತ್ತಿದ್ದೇನೆ ಎಂಬ ನೆರಳೂ ಅವನ ಮುಖದಲ್ಲಿ ಇರಲಿಲ್ಲ, ಯಾಕೆಂದರೆ ಅವನ ಲೆಕ್ಕದಲ್ಲಿ ಅದು ಸುಳ್ಳಲ್ಲ. ಡಬ್ಬಿ ಇದ್ದದ್ದು ಮರದಲ್ಲಿ, ಮನೆಯಲ್ಲಿ ಅಲ್ಲ. ನಾನು ಪಕ್ಕದಲ್ಲೇ ಮುಕ್ಕಾಲನ ಕೊರಳು ತಬ್ಬಿಕೊಂಡು ನಿಂತಿದ್ದೆ. ಹಿಂದಿನ ದಿನವಷ್ಟೇ ಭಾನುವಾರ ಕಳೆದಿತ್ತು. ನನ್ನ ಉಗುರುಗಳ ಸಂದಿನಲ್ಲಿ ಬಿಳಿ ಪುಡಿ ಇನ್ನೂ ಇತ್ತು. ಡಾಕ್ಟರು ಪಿಟ್ಸಿನ ಮಾತ್ರೆ ಬರೆದುಕೊಟ್ಟರು, ಅರ್ಧರ್ಧ ಕೊಡಿ, ಚೊಕ್ಕಟವಾಗಿ ಇಟ್ಟುಕೊಳ್ಳಿ ಎಂದರು. ಆ ಚೊಕ್ಕಟ ಎಂಬ ಮಾತನ್ನು ನಾನು ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ. ಚೊಕ್ಕಟ ಎಂದರೆ ನನಗೆ ಗೊತ್ತಿದ್ದದ್ದು ಒಂದೇ. ಮಾತ್ರೆಯನ್ನು ಅಮ್ಮ ಮುದ್ದೆಯೊಳಗೆ ಅಡಗಿಸಿ ಕೊಡುತ್ತಿದ್ದಳು. ಪುಡಿಯನ್ನು ನಾನು ಭಾನುವಾರದ ಜೊತೆಗೆ ಬುಧವಾರವೂ ಹಚ್ಚತೊಡಗಿದೆ. ಅವನೋ, ಡಬ್ಬಿಯ ಮುಚ್ಚಳದ ಸದ್ದು ಕೇಳಿದರೆ ಸಾಕು, ಎಲ್ಲಿದ್ದರೂ ಓಡಿ ಬಂದು ಬಲಗಿವಿ ಮೇಲಾಗಿ ಬಿದ್ದುಕೊಳ್ಳುತ್ತಿದ್ದ. ಹಚ್ಚುವಾಗ ನಾನು ಕೆರೆಯುತ್ತಿದ್ದೆನಲ್ಲ, ಅದು ಅವನಿಗೆ ಸ್ವರ್ಗ. ಹಚ್ಚಿ ಮುಗಿದ ಮೇಲೆ ಮೈಯೆಲ್ಲ ನೆಕ್ಕಿಕೊಳ್ಳುತ್ತಿದ್ದ.

ಮುಂದಿನ ಬೆಳೆಗೆ ಹುಳು ನಾಲ್ಕನೇ ಜ್ವರ ಎದ್ದಿತ್ತು. ಜ್ವರ ಎಂದರೆ ಕಾಯಿಲೆಯಲ್ಲ, ಹುಳು ತಿನ್ನುವುದು ಬಿಟ್ಟು ಪೊರೆ ಕಳಚುವ ಹೊತ್ತು. ನಾಲ್ಕನೆಯದು ಎದ್ದ ಮೇಲೆ ಅದರ ಹಸಿವು ಬಕಾಸುರನದು. ಎಷ್ಟು ಸೊಪ್ಪು ಹಾಕಿದರೂ ಕಡ್ಡಿ ಮಾತ್ರ ಉಳಿಯುತ್ತದೆ. ಅವತ್ತು ಕೂಲಿಯ ಹೆಂಗಸರು ಬರಲಿಲ್ಲ, ಯಾರದೋ ಮನೆಯ ಸಾವು. ಅಮ್ಮ ಬೆವರು ಒರೆಸಿಕೊಂಡು ಹಿತ್ತಲಿಗೆ ಬಂದಳು.

"ಶಾರೀ, ಬಾರೇ ಒಂಚೂರು ಸೊಪ್ಪು ಹಾಕು. ನನ್ನ ಸೊಂಟ ಬಿದ್ದೋಯ್ತು. ಕೈ ತೊಳ್ಕೊಂಡ್ಯಾ?"

"ತೊಳ್ಕೊಂಡೆ ಕಣಮ್ಮ."

ನಿಜಕ್ಕೂ ತೊಳೆದಿದ್ದೆ. ಸೋಪು ಹಚ್ಚಿ, ಮೊಣಕೈವರೆಗೆ. ಲಂಗ ಬದಲಾಯಿಸುವುದು ಮಾತ್ರ ಹೊಳೆಯಲಿಲ್ಲ, ಅಮ್ಮನಿಗೂ ಹೊಳೆಯಲಿಲ್ಲ. ಬೆಳಗ್ಗೆ ಮುಕ್ಕಾಲ ಅದೇ ಲಂಗದ ಮೇಲೆ ಮಲಗಿದ್ದ. ನಾನು ಮಡಿಲಿನಲ್ಲಿ ಸೊಪ್ಪು ತುಂಬಿಕೊಂಡು ಬಾಗಿಲ ಪಕ್ಕದ ತಟ್ಟೆಗೆ ಹರಡಿದೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅಪ್ಪ ಕೂಗಿದ. ಕೂಗಿದ ರೀತಿಗೆ ನಾವೆಲ್ಲ ನಡುಮನೆಗೆ ನುಗ್ಗಿದೆವು. ಬಾಗಿಲ ಪಕ್ಕದ ತಟ್ಟೆಯಲ್ಲಿ ಹುಳುಗಳು ತಲೆ ಎತ್ತಿ ಆಚೆ ಈಚೆ ಒದ್ದಾಡುತ್ತಿದ್ದವು. ಕೆಲವು ಬಿಲ್ಲಿನಂತೆ ಹಿಂದಕ್ಕೆ ಬಾಗಿದ್ದವು. ಬಾಯಲ್ಲಿ ಹಸಿರು ನೀರು. ಮೈ ಸೆಟೆಯುವುದು, ಸಡಿಲವಾಗುವುದು, ಮತ್ತೆ ಸೆಟೆಯುವುದು. ಅಪ್ಪ ಒಂದು ಗಳಿಗೆಯೂ ಯೋಚಿಸಲಿಲ್ಲ.

"ಪುಡಿ! ಪುಡಿ ಬಂದದೆ ಒಳಕ್ಕೆ! ಯಾರು ಹಾಕಿದ್ದು ಈ ತಟ್ಟೆಗೆ?"

"ನಾನಪ್ಪ" ಎಂದೆ. "ಕೈ ತೊಳ್ಕೊಂಡಿದ್ದೆ. ಲಂಗ..."

ಹೊಡೆಯುತ್ತಾನೆಂದು ಕಣ್ಣು ಮುಚ್ಚಿದೆ. ಹೊಡೆತ ಬೀಳಲಿಲ್ಲ. ಕಣ್ಣು ತೆರೆದಾಗ ಅಪ್ಪ ತಟ್ಟೆ ಎತ್ತಿಕೊಂಡು ಹೊರಗೆ ಹೋಗಲು ತಿರುಗಿದ್ದ, ಅಮ್ಮ ದಾರಿಗಡ್ಡ ನಿಂತು ತಟ್ಟೆಯನ್ನೇ ನೋಡುತ್ತಿದ್ದಳು. ಅಮ್ಮ ಹೆಚ್ಚು ಮಾತಿನವಳಲ್ಲ. ಸಾರಿಗೆ ಉಪ್ಪು ಕಡಿಮೆಯಾಯಿತಾ ಎಂದು ಕೇಳುವ ದನಿಯಲ್ಲಿ ಕೇಳಿದಳು.

"ರೀ, ನಮ್ ಮುಕ್ಕಾಲನೂ ಹಿಂಗೇ ಅಲ್ವೇನ್ರೀ ಮಾಡೋದು?"

ಎಲ್ಲರೂ ಬಾಗಿಲ ಕಡೆ ತಿರುಗಿದೆವು. ಮುಕ್ಕಾಲ ಹೊಸ್ತಿಲಾಚೆ, ತನಗೆ ಹಾಕಿಕೊಟ್ಟಿದ್ದ ಗೆರೆ ದಾಟದೆ, ಬಾಲ ಆಡಿಸುತ್ತ ನಿಂತಿದ್ದ. ಹುಳುವಿನಲ್ಲಿ ನೋಡಿದ ಕೂಡಲೇ ಗುರುತು ಹಿಡಿದದ್ದನ್ನು ಅಪ್ಪ ಇಷ್ಟು ಕಾಲ ನಾಯಿಯಲ್ಲಿ ನೋಡಿಯೂ ನೋಡಿರಲಿಲ್ಲ. ನಾವು ಯಾರೂ ನೋಡಿರಲಿಲ್ಲ. ತಟ್ಟೆಯನ್ನು ಹೊರಗೆ ಹೂಳುವಾಗ ಅಪ್ಪ ಪುಡಿಯ ಡಬ್ಬಿಯನ್ನೂ ಅದರ ಜೊತೆ ಹೂತ. ಆಮೇಲೆ, ಹುಳು ಮನೆಯಲ್ಲಿರುವಾಗ ನಾಯಿಯನ್ನು ಮುಟ್ಟಲೇ ಮುಟ್ಟದವನು, ಮುಕ್ಕಾಲನನ್ನು ಎತ್ತಿಕೊಂಡು ಬಚ್ಚಲ ಕಲ್ಲಿನ ಮೇಲೆ ನಿಲ್ಲಿಸಿ, ಸೀಗೆಪುಡಿ ಹಾಕಿ ತಿಕ್ಕಿ ತಿಕ್ಕಿ ತೊಳೆದ. ಅಮ್ಮ ಬಿಸಿನೀರು ಹುಯ್ಯುತ್ತಿದ್ದಳು.

"ಡಾಕ್ಟರ ಹತ್ರ ಎಂಥ ಮಾತಾಡ್ಬಿಟ್ನಲ್ಲೇ ನಾನು" ಎಂದ ಅಪ್ಪ. "ಕೇಳಿದ್ರು ಪಾಪ. ಬಿಡಿಸಿ ಬಿಡಿಸಿ ಕೇಳಿದ್ರು."

"ಗೊತ್ತಿರ್ಲಿಲ್ಲ ಬಿಡ್ರಿ."

"ಹುಳಕ್ಕೆ ಆಗಲ್ಲ ಅಂತ ಗೊತ್ತಿತ್ತಲ್ಲ."

ಆ ಬೆಳೆ ಮುಗಿಯುವ ತನಕ ಅಪ್ಪ ನನ್ನ ಮೇಲೆ ಒಂದು ಮಾತೂ ಎತ್ತಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪುಡಿ ನಿಂತ ಮೇಲೆ ಪಿಟ್ಸು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಒಳಗೆ ಏನು ಕೆಟ್ಟಿತ್ತೋ ಕೆಟ್ಟೇ ಹೋಗಿತ್ತು. ಅಮ್ಮ ಮಾತ್ರೆ ಮುಂದುವರಿಸಿದಳು, ಭಾನುವಾರದ ಮೂಳೆ ಮತ್ತೆ ಶುರುವಾಯಿತು, ಅಪ್ಪ ಸಂಜೆ ಹೊತ್ತು ಕೂತು ಉಣ್ಣೆಗಳನ್ನು ಒಂದೊಂದಾಗಿ ಕಿತ್ತು ಸೀಮೆಎಣ್ಣೆಯ ಬಟ್ಟಲಿಗೆ ಹಾಕುತ್ತಿದ್ದ. ಮನೆಯವರೆಲ್ಲ ತಮ್ಮ ತಮ್ಮ ಕೈಲಾದಷ್ಟು ತೀರಿಸಿದರು. ನಾನೊಬ್ಬಳು ಅವನನ್ನು ಮುಟ್ಟುವುದನ್ನೇ ಬಿಟ್ಟೆ.

ಯಾಕೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಹೆದರಿಕೆ ಎಂದರೆ ಅರ್ಧ ಸತ್ಯ. ನನ್ನ ಕೈ ನೋಡಿದರೆ ನನಗೇ ಅಸಹ್ಯವಾಗುತ್ತಿತ್ತು, ಅದೂ ನಿಜ. ಆದರೆ ನಾಚಿಕೆ ಅದಕ್ಕಿಂತ ದೊಡ್ಡದಿತ್ತು. ಅವನು ನನ್ನ ಮೇಲೆ ಒಂದಿಷ್ಟು ಮುನಿಸಿಕೊಂಡಿದ್ದರೆ, ಗುರ್ ಎಂದಿದ್ದರೆ, ಹೋಗಿ ತಬ್ಬಿಕೊಳ್ಳುತ್ತಿದ್ದೆನೇನೋ. ಅವನು ಏನೂ ಆಗದವನ ಹಾಗೆ ಭಾನುವಾರ ಬಂದರೆ ಹಿತ್ತಲ ಮೆಟ್ಟಿಲಿಗೆ ಬಂದು, ಬಲಗಿವಿ ಮೇಲಾಗಿ ಮಲಗಿ, ಕಣ್ಣೆತ್ತಿ ನನ್ನನ್ನು ನೋಡುತ್ತಿದ್ದ. ಮೋಟು ಗಾಳಿಯಲ್ಲಿ ಆಡುತ್ತಿತ್ತು. ಆ ನೋಟ ನನ್ನಿಂದ ಸಹಿಸಲಾಗಲಿಲ್ಲ. ಪರೀಕ್ಷೆ ಇದೆ, ಓದಬೇಕು ಎಂದು ಒಳಗೆ ಓಡುತ್ತಿದ್ದೆ. ಅನ್ನದ ತಟ್ಟೆಯನ್ನೂ ದೂರದಿಂದ ಜರುಗಿಸಿ ಬರುತ್ತಿದ್ದೆ. ಕೊನೆಗೆ ಅಜ್ಜಿಯೇ ಮೆಟ್ಟಿಲ ಮೇಲೆ ಕೂತು, ಕೋಲಿನ ತುದಿಯಿಂದ ಅವನ ಬಲಗಿವಿ ಕೆರೆಯತೊಡಗಿದಳು. ಕೋಲು ಎಲ್ಲಿ, ಉಗುರು ಎಲ್ಲಿ! ಅವನು ಸ್ವಲ್ಪ ಹೊತ್ತು ಮರ್ಯಾದೆಗೆ ಮಲಗಿದ್ದು ಎದ್ದು ಹೋಗುತ್ತಿದ್ದ.

"ಏಮೇ ಶಾರೀ, ಇಲ್ಲಿ ಬಾ" ಎಂದಳು ಒಂದು ದಿನ. "ನಿನ್ನ ಕೈಗೆ ಏನೇ ಬಂದಿರೋದು?"

"ಪುಡಿ ಹಚ್ಚಿದ ಕೈ ಅಜ್ಜಿ ಇದು."

"ಅಯ್ಯೋ ಪಿಚ್ಚಿದಾನಾ! ಹಚ್ಚು ಅಂದೋಳು ನಾನು. ತಂದು ನೇತಾಕಿದೋನು ನಿಮ್ಮಪ್ಪ. ನಾವು ಮುಖ ತೋರಿಸ್ಕೊಂಡು ಓಡಾಡ್ತಿಲ್ವಾ? ಅದಕ್ಕೇನು ಗೊತ್ತೇ ಪುಡಿ ಗಿಡಿ? ನಿನ್ನ ಕೈ ಅಂದ್ರೆ ಕೆರೆಯೋ ಕೈ ಅಂತ ಅಷ್ಟೇ ಅದಕ್ಕೆ ಗೊತ್ತಿರೋದು. ಹೋಗು, ಕೆರಿ."

ಹುಚ್ಚಿ ಎಂದು ತೆಲುಗಿನಲ್ಲಿ ಬೈದದ್ದರಲ್ಲಿ ಎಷ್ಟು ಪ್ರೀತಿ ಇತ್ತೆಂದು ಈಗ ತಿಳಿಯುತ್ತದೆ. ಆಗ ನಾನು ಕೆರೆಯದೆ ಒಳಗೆ ಹೋದೆ.

ಅದಾದ ಮೇಲಿನ ಒಂದು ಭಾನುವಾರ ಮನೆಯಲ್ಲಿ ನಾನೊಬ್ಬಳೇ. ಹೊಸ ಬೆಳೆಯ ಹುಳು ಇನ್ನೂ ಚಿಕ್ಕದಿತ್ತು, ಬೆಳಗಿನ ಸೊಪ್ಪು ಹಾಕಿ ಅಮ್ಮ, ಅಜ್ಜಿ ನೆಂಟರ ಮನೆಯ ನಾಮಕರಣಕ್ಕೆ ಚಿಂತಾಮಣಿಗೆ ಹೋಗಿದ್ದರು. ಅಪ್ಪ ತೋಟದಲ್ಲಿ ನೀರು ಕಟ್ಟುತ್ತಿದ್ದ. 'ನಾಯಿಗೆ ಮಾತ್ರೆ ಹಾಕಿದೀನಿ, ನೋಡ್ಕೊ' ಎಂದು ಹೇಳಿ ಅಮ್ಮ ಬಸ್ಸಿಗೆ ಓಡಿದ್ದಳು. ಮುಕ್ಕಾಲ ಮೆಟ್ಟಿಲಿಗೆ ಬಂದು ಎಂದಿನಂತೆ ಮಲಗಿದ. ನಾನು ಹಿತ್ತಲ ಬಾಗಿಲು ಹಾಕಿಕೊಂಡು, ಅದೇ ಬಾಗಿಲಿಗೆ ಒರಗಿ, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ಹಲಗೆಯ ಮೇಲೆ ಸದ್ದು ಶುರುವಾಯಿತು. ಟಪ್ ಟಪ್ ಟಪ್. ನನ್ನ ಬೆನ್ನಿಗೇ ತಾಗುತ್ತಿತ್ತು. ಕೆರೆ ಎಂದು ಕರೆಯುತ್ತಿದ್ದಾನೆ ಎಂದುಕೊಂಡೆ. ಅಜ್ಜಿ ಹೇಳಿದ್ದು ನೆನಪಾಯಿತು. ಏಳೋಣ ಎಂದು ನೆಲಕ್ಕೆ ಕೈ ಊರಿದೆ. ಊರಿದ ಕೈಯನ್ನು ನೋಡಿ ಮತ್ತೆ ಕೂತೆ. ಸದ್ದು ಜೋರಾಯಿತು, ಬೇಗ ಬೇಗ ಆಯಿತು. ಇವತ್ತೇನು ಇಷ್ಟು ಹಟ ಎಂದು ಸಿಟ್ಟು ಬಂತು. "ಹೋಗೋ ಆಚೆ, ನಾನು ಬರಲ್ಲ!" ಎಂದು ಕೂಗಿ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡೆ. ಬೆನ್ನಿಗೆ ಮಾತ್ರ ತಿಳಿಯುತ್ತಲೇ ಇತ್ತು. ಬಹಳ ಹೊತ್ತು ಬಡಿಯಿತು. ಆಮೇಲೆ ನಿಂತಿತು. ಸದ್ಯ, ಎದ್ದು ಹೋದ ಎಂದುಕೊಂಡು ನಾನು ನಿಜವಾಗಿಯೂ ಓದತೊಡಗಿದೆ.

ಅಮ್ಮ, ಅಜ್ಜಿ ಬಂದು ಹಿತ್ತಲ ಕಡೆಯಿಂದ ಕೂಗಿದಾಗ ಬಾಗಿಲು ತೆಗೆದೆ. ಅವನು ಮೆಟ್ಟಿಲ ಮೇಲೇ ಇದ್ದ. ಬಲಗಿವಿ ಮೇಲಾಗಿತ್ತು. ಕುತ್ತಿಗೆ ಹಿಂದಕ್ಕೆ ಬಾಗಿತ್ತು, ಬಾಯಿಯ ನೊರೆ ಒಣಗಿತ್ತು. ಬಾಗಿಲ ಹಲಗೆಯಲ್ಲಿ, ಮೋಟು ತಾಗುವ ಎತ್ತರದಲ್ಲಿ, ಬಣ್ಣ ಕಿತ್ತು ರಕ್ತ ಹತ್ತಿತ್ತು. ನನಗೆ ಎಲ್ಲ ಅರ್ಥವಾಯಿತು. ಯಾರೂ ವಿವರಿಸಬೇಕಾಗಿರಲಿಲ್ಲ.

ನಾನು ಕೂತುಕೊಂಡೆ. ಬಲಗಿವಿಯ ಹಿಂದೆ ಕೈ ಇಟ್ಟು ಕೆರೆದೆ. ಮೆಲ್ಲಗೆ ಕೆರೆದೆ, ಆಮೇಲೆ ಜೋರಾಗಿ, ಅವನಿಗೆ ಇಷ್ಟವಿದ್ದ ಜಾಗದಲ್ಲಿ, ಅವನಿಗೆ ಇಷ್ಟವಿದ್ದ ಹಾಗೆ. ಮೋಟು ಅಲ್ಲಾಡಲಿಲ್ಲ. ಅಲ್ಲಾಡಬಹುದೆಂದು ನೋಡುತ್ತಲೇ ಕೆರೆದೆ. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಅಜ್ಜಿ ಕೋಲು ಗೋಡೆಗೆ ಒರಗಿಸಿ ನನ್ನ ಪಕ್ಕ ಕೂತು, ಜನ್ಮದಲ್ಲಿ ನಾಯಿ ಮುಟ್ಟದವಳು, ಅವನ ಹೊಟ್ಟೆಯ ಮೇಲೆ ಅಂಗೈ ಇಟ್ಟಳು.

"ಪೋನೀಲೇ ಶಾರೀ" ಎಂದಳು. "ಹೋಗ್ಲಿ ಬಿಡು. ಸಾಕು."

ತೋಟದಿಂದ ಬಂದ ಅಪ್ಪ ಅವನನ್ನು ಬೇವಿನ ಮರದ ಬುಡದಲ್ಲಿ ಹೂತ. ಹುಳುವಿಗೆ ಸಂಜೆಯ ಸೊಪ್ಪು ಹಾಕುವ ಹೊತ್ತಾಗಿತ್ತು. ಯಾರು ಸತ್ತರೂ ಹುಳು ಉಪವಾಸ ಇರುವುದಿಲ್ಲ. ಒಬ್ಬೊಬ್ಬರಾಗಿ ಎದ್ದು ಬಚ್ಚಲಿಗೆ ಹೋದರು. ಎಲ್ಲರಿಗಿಂತ ಕೊನೆಗೆ ನಾನು ಎದ್ದೆ. ಬಾಗಿಲಲ್ಲಿ ಅಮ್ಮ ನಿಂತಿದ್ದಳು. ನನ್ನ ಕೈ ನೋಡಿದಳು, ನನ್ನ ಮುಖ ನೋಡಿದಳು. ಹುಟ್ಟಿದಾಗಿನಿಂದ ಆ ಹೊಸ್ತಿಲಲ್ಲಿ ನಾನು ಕೇಳುತ್ತ ಬಂದಿದ್ದ ಮಾತನ್ನು ಅವತ್ತು ಅವಳು ಕೇಳಲಿಲ್ಲ.